ಪ್ರವಾಸದಲ್ಲಿ ಇನ್ನೊಬ್ಬರ ಬಿಲ್ಲು ಕೊಡುವುದನ್ನು ನಿಷೇಧಿಸುವ ಬಗ್ಗೆ

ತೂಕ ಮತ್ತು ಅಳತೆ ತಪಾಸಣೆ
ಬೆಟ್ಟದ ಸಂತೆಗಳ ಶಾಖೆ, ದಕ್ಷಿಣ ಸರ್ಬಿಯಾ

ಸಂಖ್ಯೆ: ತೂಅ/ಪ್ರವಾಸ/ಮಿತವ್ಯಯ/17(ಆ)
ದಿನಾಂಕ: 14ನೇ ಅಕ್ಟೋಬರ್

ಸುತ್ತೋಲೆ

ವಿಷಯ: ಪ್ರವಾಸದಲ್ಲಿರುವ ಸಿಬ್ಬಂದಿಯು ಊಟ, ಕಾಫಿ, ನೀರು, ವಸತಿ ಮುಂತಾದ ದಿನನಿತ್ಯದ ಖರ್ಚಿನಲ್ಲಿ ಉಳಿತಾಯ ಮಾಡುವ ಕುರಿತು, ವಿಶೇಷವಾಗಿ, ಒಬ್ಬರ ಬಿಲ್ಲನ್ನು ಇನ್ನೊಬ್ಬರು ಕೊಟ್ಟುಬಿಡುವುದನ್ನು ತಡೆಯುವ ಕುರಿತು.

ಉಲ್ಲೇಖ:
(1) ಇದೇ ವಿಷಯದ ಸುತ್ತೋಲೆ ಸಂಖ್ಯೆ 17(ಅ). ಇದನ್ನು ಸೂಚನಾ ಫಲಕಕ್ಕೆ ಅಂಟಿಸುವ ಮೊದಲೇ ಬಿಸಿ ಬುರೆಕ್ ಎಂಬ ಎಣ್ಣೆತಿಂಡಿಯನ್ನು ಕಟ್ಟಲು ಬಳಸಲಾಗಿದ್ದು, ಎಣ್ಣೆಯ ಕಾರಣ ಎರಡನೇ ಪುಟ ಓದಲು ಬರುವುದಿಲ್ಲ.
(2) ಹಣಕಾಸು ವಿಭಾಗದ ಪತ್ರ, ದಿನಾಂಕ 28ನೇ ಆಗಸ್ಟ್.
(3) ಹಿರಿಯ ತಪಾಸಕಿ ಶ್ರೀಮತಿ ವಿದೊಸಾವಾ ಲಾಜಿಚ್ ಅವರ ಮೌಖಿಕ ಕೋರಿಕೆ. ಲಿಖಿತವಾಗಿ ಕೊಡುವಂತೆ ತಿಳಿಸಿದಾಗ ಅವರು ಕಿಟಕಿಯ ಕಡೆ ನೋಡುತ್ತ ಸುಮ್ಮನಿದ್ದರು. ಆ ಸುಮ್ಮನಿರುವಿಕೆಯನ್ನೇ ಅರ್ಜಿಯೆಂದು ಪರಿಗಣಿಸಲಾಗಿದೆ.

ಪ್ರಸ್ತಾವನೆ

ಈ ಶಾಖೆಯ ತಪಾಸಕರು ಬಸ್ಸಿನಲ್ಲಿ ಊರೂರಿಗೆ ಹೋಗಿ, ಸಂತೆಯ ತಕ್ಕಡಿಗಳು ಸರಿಯಾಗಿ ತೂಗುತ್ತಿವೆಯೇ ಎಂದು ಪರೀಕ್ಷಿಸುವುದು ಎಲ್ಲರಿಗೂ ತಿಳಿದಿರುವ ವಿಷಯ. ಅಕ್ಟೋಬರ್ ಕೊನೆಯಲ್ಲಿ ಮೇಲಿನ ಹನ್ನೊಂದು ಹಳ್ಳಿಗಳ ಆರು ದಿನಗಳ ಪ್ರವಾಸ ಬಾಕಿ ಇದೆ. ಅದಕ್ಕೆ ಮೂವತ್ತೊಂದು ಸಾವಿರ ದಿನಾರ್ ಬೇಕು. ಆಗಸ್ಟ್ ತಿಂಗಳ ಕೊನೆಗೆ ಅದಕ್ಕಾಗಿ ಉಳಿದದ್ದು ಇಪ್ಪತ್ತಮೂರು ಸಾವಿರ. ಕೊರತೆಯ ಎಂಟು ಸಾವಿರವನ್ನು ಅಕ್ಟೋಬರ್ 20ರೊಳಗೆ ಸರಿದೂಗಿಸದಿದ್ದರೆ ಪ್ರವಾಸವನ್ನು ರದ್ದುಗೊಳಿಸಲಾಗುವುದೆಂದೂ, ಮುಂದಿನ ವರ್ಷದಿಂದ ವ್ಯಾಪಾರಿಗಳೇ ತಕ್ಕಡಿಗಳನ್ನು ಹೊತ್ತು ಜಿಲ್ಲಾ ಕೇಂದ್ರಕ್ಕೆ ಬರಬೇಕೆಂದೂ ಉಲ್ಲೇಖ (2)ರ ಪತ್ರದಲ್ಲಿ ತಿಳಿಸಲಾಗಿದೆ.

ಶ್ರೀಮತಿ ಲಾಜಿಚ್ ಅವರು ಸದರಿ ಹನ್ನೊಂದು ಹಳ್ಳಿಗಳಿಗೆ ಮೂವತ್ತನಾಲ್ಕು ವರ್ಷಗಳಿಂದ ಹೋಗಿಬರುತ್ತಿದ್ದು, ಇದೇ 31ರಂದು ನಿವೃತ್ತರಾಗಲಿದ್ದಾರೆ. ಇದು ಅವರ ಕೊನೆಯ ಪ್ರವಾಸ. ಅವರ ಕೋರಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಒಂದ್ಸಲ ಹೋಗಿ ಬರ್ಬೇಕಿತ್ತು, ಅಷ್ಟೇ. ಹೇಳ್ದೆ ಕೇಳ್ದೆ ನಿಂತ್ಬಿಟ್ರೆ ನಾನು ಸತ್ತೇ ಹೋದೆ ಅಂದ್ಕೋತಾರೆ ಅಲ್ಲಿಯೋರು. ನನ್ ಆತ್ಮಕ್ಕೆ ಅಂತ ಮೇಣದಬತ್ತಿ ಹಚ್ಚಿದ್ರೂ ಹಚ್ಚಿದ್ರು.”

ಖರ್ಚು ಏಕೆ ಹೆಚ್ಚಾಯಿತೆಂದು ಪರಿಶೀಲಿಸಲಾಗಿ, ನಮ್ಮ ಸಿಬ್ಬಂದಿ ದುಂದುಗಾರರಲ್ಲವೆಂದು ಕಂಡುಬಂದಿದೆ. ಹುರುಳಿಕಾಯಿ ಸಾರು, ಬ್ರೆಡ್ಡು, ಒಂದು ಕಾಫಿ ಬಿಟ್ಟು ಅವರು ತಮಗಾಗಿ ಏನನ್ನೂ ತರಿಸಿಕೊಳ್ಳುವುದಿಲ್ಲ. ಖರ್ಚೆಲ್ಲ ಆಗಿರುವುದು ಇನ್ನೊಬ್ಬರಿಗಾಗಿ. ಉದಾಹರಣೆಗೆ ಆಗಸ್ಟ್ 11ರ ಘಟನೆಯನ್ನು ನೋಡಬಹುದು.

ಅಂದು ತಪಾಸಕರಾದ ಬುದಿಮಿರ್ ಯೆಲಿಚ್ ಮತ್ತು ಜಿವೋಟಾ ಸವಿಚ್ ಐದು ದಿನಗಳ ಪ್ರವಾಸದ ಮೊದಲ ಮಧ್ಯಾಹ್ನ ಗೋರ್ನ್ಯಾ ಲಿಪಾ ಎಂಬ ಊರಿನ ಹೋಟೆಲಿಗೆ ಊಟಕ್ಕೆ ಹೋದರು. ಜಿವೋಟಾ ಅವರು ಕೋಟು ತೆಗೆದು ಗೂಟಕ್ಕೆ ಹಾಕುವ ಮೊದಲೇ ಅಡುಗೆಮನೆಗೆ ನುಗ್ಗಿ ಇಬ್ಬರ ಊಟದ ಹಣ ಕೊಟ್ಟು ಬಂದಿದ್ದರು. ಇದನ್ನು ಅರಿಯದ ಬುದಿಮಿರ್ ಅವರು ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ, ಮಾಲೀಕ ಸ್ತೋಯಾದಿನ್ ಅವರ ಜೇಬಿಗೆ ಇಬ್ಬರ ಊಟದ ಹಣ ತುರುಕಿದರು. ಎರಡೂ ಕಡೆಯ ಹಣ ಬಂದದ್ದರಿಂದ ಮಾಲೀಕರು ಮೇಜಿನ ಮೇಲೆ ಸುಟ್ಟ ಕುರಿಮಾಂಸ ತಂದಿಟ್ಟರು. ಕುರಿಮಾಂಸ ಬಂದ ಮೇಲೆ ಪಕ್ಕದ ಮೇಜಿನವರಿಗೆ ಕೊಡದೆ ತಿನ್ನುವಂತಿಲ್ಲ. ಕೊಟ್ಟ ಮೇಲೆ ಅವರು ಎರಡು ಲೋಟ ರಾಕಿಯಾ ಸಾರಾಯಿ ಕಳುಹಿಸದೆ ಇರುವಂತಿಲ್ಲ. ಕಳುಹಿಸಿದ ಮೇಲೆ ಇವರು ನಾಲ್ಕು ಕಳುಹಿಸದೆ ಇರುವಂತಿಲ್ಲ. ಸಂಜೆ ಐದು ಗಂಟೆಗೆ ಐದು ದಿನಗಳ ಭತ್ಯೆ ಮುಗಿದಿತ್ತು. ಒಂದು ತಕ್ಕಡಿಯನ್ನೂ ಪರೀಕ್ಷಿಸಿರಲಿಲ್ಲ.

ವಿಚಾರಣೆಯಲ್ಲಿ ನೀಡಲಾದ ಹೇಳಿಕೆಗಳು:

ಬುದಿಮಿರ್: “ಅವ್ನು ಕೊಡೋದು, ನಾನು ಹಲ್ಲಿಗೆ ಕಡ್ಡಿ ಹಾಕ್ಕೊಂಡು ನೋಡ್ತಾ ಕೂರೋದಾ? ನಮ್ಮಪ್ಪ ಗೋರಿಯಿಂದ ಎದ್ದು ಬಂದು ಬಾರ್ಸ್ತಾನೆ ಸಾರ್!”

ಜಿವೋಟಾ: “ನಾನು ಮೊದ್ಲೇ ಕೊಟ್ಟಾಗಿತ್ತು. ಈ ಮಾರಾಯಂಗೆ ಕಳ್ಳಬುದ್ಧಿ ಸ್ವಲ್ಪ ಜಾಸ್ತಿ. ಕೈ ತೊಳ್ಕೊಂಡು ಬರ್ತೀನಿ ಅಂತ ಹೋದೋನ ಕೈ ಒಣಗೇ ಇತ್ತು, ನಾನು ಮುಟ್ಟಿ ನೋಡ್ದೆ!”

ಸ್ತೋಯಾದಿನ್: “ಇಬ್ರ ದುಡ್ಡೂ ಬಂತು. ಯಾರಿಗೆ ವಾಪಸ್ ಕೊಡ್ಲಿ ಸ್ವಾಮಿ? ಯಾರಿಗೆ ಕೊಟ್ರೂ ಅವ್ನು ಜನ್ಮದಲ್ಲಿ ನನ್ನ ಹೋಟ್ಲು ಮೆಟ್ಲು ಹತ್ತಲ್ಲ. ನಾನೇ ಇಟ್ಕೊಂಡ್ರೆ ಕಳ್ಳ ಆಗ್ತೀನಿ. ಅದಕ್ಕೇ ಕುರಿ ಹಾಕ್ಬಿಟ್ಟೆ.”

ಮೂರೂ ಹೇಳಿಕೆಗಳಲ್ಲಿ ಯಾವುದೇ ತಪ್ಪು ಕಂಡುಬಂದಿರುವುದಿಲ್ಲ. ಆದ್ದರಿಂದಲೇ ನಿಯಮಗಳು ಅಗತ್ಯವೆಂದು ತೀರ್ಮಾನಿಸಿ, ಈ ಕೆಳಕಂಡವುಗಳನ್ನು ಸೆಪ್ಟೆಂಬರ್ 1ರಿಂದ ಪ್ರಾಯೋಗಿಕವಾಗಿ ಜಾರಿಗೆ ತರಲಾಗಿದೆ. ಎಲ್ಲರ ಅವಗಾಹನೆಗಾಗಿ ಮತ್ತೊಮ್ಮೆ ಪ್ರಕಟಿಸಲಾಗಿದೆ.

ನಿಯಮಗಳು

1. ಪ್ರವಾಸದಲ್ಲಿ ಪ್ರತಿಯೊಬ್ಬರೂ ತಮ್ಮ ಊಟದ ಹಣವನ್ನು ಮಾತ್ರ ಕೊಡತಕ್ಕದ್ದು. ಇದು ಮನಸ್ಸಿಗೆ ಕಷ್ಟಕರವೆಂದು ಇಲಾಖೆ ಬಲ್ಲದು. ಆದ ಕಾರಣ, ಜೊತೆಯಾಗಿ ಹೋಗುವ ಇಬ್ಬರು ಒಬ್ಬರ ದಿನಭತ್ಯೆಯನ್ನು ಇನ್ನೊಬ್ಬರು ಜೇಬಿನಲ್ಲಿಟ್ಟುಕೊಳ್ಳುವುದು. ಹೀಗೆ ಮಾಡಿದಲ್ಲಿ ಜೊತೆಗಾರನ ಊಟಕ್ಕೆ ತಾನೇ ಕೊಟ್ಟ ತೃಪ್ತಿಯೂ ದೊರೆಯುತ್ತದೆ, ಖರ್ಚಾಗುವುದು ಜೊತೆಗಾರನ ಹಣವೇ ಆಗಿರುತ್ತದೆ.

2. ಊಟದ ನಡುವೆ ಕೈ ತೊಳೆಯಲು ಎದ್ದುಹೋಗುವುದನ್ನು ನಿಷೇಧಿಸಲಾಗಿದೆ. ಅನಿವಾರ್ಯವಾದಲ್ಲಿ ಪಾಕೀಟನ್ನು ಮೇಜಿನ ಮೇಲಿಟ್ಟು ಹೋಗತಕ್ಕದ್ದು. ಹಿಂತಿರುಗಿದಾಗ ಕೈ ಒದ್ದೆಯಾಗಿರತಕ್ಕದ್ದು. ಎರಡೂ ಕೈ.

3. ಹೋಟೆಲಿನವರಿಗೆ ಹುಬ್ಬು ಹಾರಿಸುವುದು, ಕಣ್ಣು ಮಿಟುಕಿಸುವುದು, ಮೊಣಕೈ ಹಿಡಿದು ಪಕ್ಕಕ್ಕೆ ಕರೆದೊಯ್ಯುವುದು, “ಇವ್ನು ಕೊಟ್ರೆ ಇಸ್ಕೋಬೇಡ, ಇವ್ನಿಗೆ ಹುಷಾರಿಲ್ಲ” ಎಂದು ಕಿವಿಯಲ್ಲಿ ಹೇಳುವುದು, ಇವೆಲ್ಲವನ್ನೂ ಹಣ ಪಾವತಿಯ ಯತ್ನವೆಂದೇ ಪರಿಗಣಿಸಲಾಗುವುದು.

4. ಬುತ್ತಿ. ಹೋಟೆಲಿನ ಖರ್ಚು ತಪ್ಪಿಸಲು ಮನೆಯಿಂದ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಸುಟ್ಟ ದೊಣ್ಣೆಮೆಣಸಿನಕಾಯಿಯ ಗೊಜ್ಜು ತೆಗೆದುಕೊಂಡು ಹೋಗತಕ್ಕದ್ದು. ಆದರೆ ಬಸ್ಸಿನಲ್ಲಿ ಬುತ್ತಿ ಬಿಚ್ಚಿದವರು ಸುತ್ತಲಿನವರಿಗೆ ಕೊಡದೆ ತಿನ್ನುವ ಪದ್ಧತಿ ನಮ್ಮಲ್ಲಿ ಇಲ್ಲದ ಕಾರಣ, ಪಕ್ಕದವರು ನಿದ್ದೆ ಹೋದ ಮೇಲೆಯೇ ಮೊಟ್ಟೆ ಸುಲಿಯತಕ್ಕದ್ದು. ಎಚ್ಚರವಾದಲ್ಲಿ ಅರ್ಧ ಮೊಟ್ಟೆ ಕೊಡತಕ್ಕದ್ದು. ಹಳದಿ ಭಾಗ ಯಾರಿಗೆಂಬುದನ್ನು ಸೇವಾ ಹಿರಿತನದ ಮೇಲೆ ನಿರ್ಧರಿಸಲಾಗದು, ಏಕೆಂದರೆ ಪಕ್ಕದವರು ಸರ್ಕಾರಿ ನೌಕರರಲ್ಲದಿರಬಹುದು.

(ಟಿಪ್ಪಣಿ: ಸೆಪ್ಟೆಂಬರಿನಲ್ಲಿ ಜಿವೋಟಾ ಅವರ ಪತ್ನಿ ಐದು ದಿನಕ್ಕೆಂದು ಮಾಡಿಕೊಟ್ಟ ಚೀಸಿನ ಕಡುಬು ಬಸ್ಸು ನಿಲ್ದಾಣ ಬಿಡುವ ಮೊದಲೇ ಖಾಲಿಯಾಯಿತು. ಬದಲಿಗೆ ಪ್ರಯಾಣಿಕರಿಂದ ಮೂರು ಕಿಲೋ ಮೆಣಸಿನಕಾಯಿ, ಒಂದು ಬಾಟಲಿ ದ್ರಾಕ್ಷಾರಸ, ಒಂದು ಜೀವಂತ ಕೋಳಿ ದೊರೆತಿವೆ. ಕೋಳಿಯನ್ನು ಉಳಿತಾಯವೆಂದು ತೋರಿಸಲಾಗಿತ್ತು. ಹಣಕಾಸು ವಿಭಾಗ ಒಪ್ಪಿರುವುದಿಲ್ಲ. ಕೋಳಿ ಸದ್ಯ ಕಡತಗಳ ಕೊಠಡಿಯಲ್ಲಿದೆ.)

5. ಬಾಟಲಿ ನೀರು ಕೊಳ್ಳುವುದನ್ನು ನಿಷೇಧಿಸಲಾಗಿದೆ. ದಾರಿಯಲ್ಲಿ ಒರತೆಗಳಿವೆ.

6. ತಕ್ಕಡಿ ಪರೀಕ್ಷೆಗೆ ಹೋದ ಅಂಗಡಿಯಲ್ಲಿ ಕಾಫಿ ಕೊಟ್ಟರೆ, ಪರೀಕ್ಷೆ ಮುಗಿಯುವವರೆಗೆ ಮುಟ್ಟಬಾರದು. ತಕ್ಕಡಿ ಸರಿಯಿದ್ದಲ್ಲಿ ಕುಡಿಯಬಾರದು, ಪಕ್ಷಪಾತವೆನಿಸುತ್ತದೆ. ತಕ್ಕಡಿ ತಪ್ಪಿದ್ದಲ್ಲಿ ಕಡ್ಡಾಯವಾಗಿ ಕುಡಿಯತಕ್ಕದ್ದು, ಇಲ್ಲದಿದ್ದರೆ ಸಿಟ್ಟಿನಿಂದ ದಂಡ ಹಾಕಿದಂತಾಗುತ್ತದೆ. ಅಷ್ಟರಲ್ಲಿ ಕಾಫಿ ಆರಿದ್ದಲ್ಲಿ ಇಲಾಖೆ ಜವಾಬ್ದಾರಿಯಲ್ಲ.

7. ವಸತಿಗೃಹದ ಬಾಡಿಗೆ ಉಳಿಸಲು ಬಂಧುಗಳ ಮನೆಯಲ್ಲಿ ತಂಗುವ ಬಗ್ಗೆ: ಬಂಧುಗಳ ಮನೆಗೆ ಕಾಫಿಪುಡಿ, ಹಣ್ಣಿನ ರಸ, ಮಕ್ಕಳಿದ್ದಲ್ಲಿ ತಲೆಗೊಂದು ಚಾಕೊಲೇಟ್ ಒಯ್ಯಬೇಕಾಗಿದ್ದು, ಇದರ ಮೊತ್ತ ಬಾಡಿಗೆಯನ್ನು ಮೀರುವುದರಿಂದ, ಮಕ್ಕಳಿಲ್ಲದ, ಕಾಫಿ ಕುಡಿಯದ ಬಂಧುಗಳ ಮನೆಯಲ್ಲಿ ಮಾತ್ರ ತಂಗತಕ್ಕದ್ದು. ಈ ನಿಯಮ ಪಾಲಿಸಲು ಬರಿಗೈಯಲ್ಲಿ ಹೋದ ಬುದಿಮಿರ್ ಅವರ ಬಗ್ಗೆ ಅವರ ಸೋದರತ್ತೆ ದೂರವಾಣಿ ಮೂಲಕ ನೀಡಿದ ದೂರು: “ಏನೂ ತರ್ಬೇಡ, ಕೈ ಬೀಸ್ಕೊಂಡು ಬಾರೋ ಅಂದೆ. ನಿಜವಾಗ್ಲೂ ಕೈ ಬೀಸ್ಕೊಂಡೇ ಬಂದ! ಹಿಂಗಾ ನೀವು ಕಲ್ಸೋದು ಆಫೀಸಲ್ಲಿ?” ದೂರನ್ನು ಸ್ವೀಕರಿಸಲಾಗಿದೆ. ಅರ್ಧ ಕಿಲೋ ಕಾಫಿಪುಡಿ ಕಳುಹಿಸಲಾಗಿದೆ.

8. ಬಿಲ್ಲು ಮೇಜಿಗೆ ಬಂದ ನಂತರ ಉಂಟಾಗುವ ಮೌನದ ಬಗ್ಗೆ. ಮೇಲಿನ ನಿಯಮಗಳನ್ನು ಪಾಲಿಸಿದಾಗ ಯಾರೂ ಬಿಲ್ಲಿಗೆ ಕೈ ಹಾಕದ ಒಂದು ಹೊತ್ತು ಬರುತ್ತದೆಂದು ವರದಿಯಾಗಿದೆ. ಇದು ಸಿಬ್ಬಂದಿಗೆ ಹೊಸದು. ಕೆಲವರಿಗೆ ಬೆವರು ಬಂದಿದೆ. ಈ ಮೌನಕ್ಕೆ ಇಲಾಖೆಯ ಆಕ್ಷೇಪಣೆ ಇಲ್ಲ, ಪ್ರವಾಸದಲ್ಲಿ ಖರ್ಚಿಲ್ಲದೆ ದೊರೆಯುವುದು ಇದೊಂದೇ. ಇದಕ್ಕೆ ಕಾಲಮಿತಿ ನಿಗದಿಪಡಿಸಿಲ್ಲ. ಈ ಅವಧಿಯಲ್ಲಿ ಬೆಟ್ಟವನ್ನು, ನೊಣವನ್ನು, ತಮ್ಮ ಬೂಟುಗಳನ್ನು ನೋಡಬಹುದು. ಎದುರಿನವರು ಬಹಳ ವರ್ಷಗಳ ಜೊತೆಗಾರರಾಗಿದ್ದಲ್ಲಿ ಅವರ ಮುಖವನ್ನೂ ಒಮ್ಮೆ ನೋಡಬಹುದು. ಬಿಲ್ಲನ್ನು ಮಾತ್ರ ನೋಡಬಾರದು.

ಫಲಿತಾಂಶ

ಮೇಲ್ಕಂಡ ನಿಯಮಗಳಿಂದ ಸೆಪ್ಟೆಂಬರ್ ಪ್ರವಾಸದಲ್ಲಿ, ಕೋಳಿಯನ್ನು ಬಿಟ್ಟು, ಒಂದು ಸಾವಿರದ ನೂರೈವತ್ತು ದಿನಾರ್ ಉಳಿತಾಯವಾಗಿದೆ. ಇನ್ನೂ ಆರು ಸಾವಿರದ ಎಂಟುನೂರೈವತ್ತು ಬೇಕಿತ್ತು. ಅಕ್ಟೋಬರ್ 6ರಂದು ಈ ಅಂಕಿಯನ್ನು ಸಿಬ್ಬಂದಿ ಸಭೆಯಲ್ಲಿ ಓದಲಾಯಿತು. ಶ್ರೀಮತಿ ಲಾಜಿಚ್ ಅವರು “ಆಯ್ತು ಬಿಡಿ” ಎಂದು ತಮ್ಮ ತೂಕದ ಬಟ್ಟುಗಳನ್ನು ಒರೆಸಿ ಪೆಟ್ಟಿಗೆಯಲ್ಲಿ ಜೋಡಿಸತೊಡಗಿದರು. ಸಭೆಯನ್ನು ಮುಂದೂಡಲಾಯಿತು.

ಅಕ್ಟೋಬರ್ 7ರ ಬೆಳಿಗ್ಗೆ ನಗದು ಗುಮಾಸ್ತೆ ಲ್ಯುಬಿಂಕಾ ಅವರ ಮೇಜಿನ ಮೇಲೆ ಹೆಸರಿಲ್ಲದ ಲಕೋಟೆಯೊಂದು ಕಂಡುಬಂದಿದ್ದು, ಅದರಲ್ಲಿ ನಿಖರವಾಗಿ ಆರು ಸಾವಿರದ ಎಂಟುನೂರೈವತ್ತು ದಿನಾರ್ ಇತ್ತು. ಮಧ್ಯಾಹ್ನ ಅಷ್ಟೇ ಮೊತ್ತದ ಇನ್ನೊಂದು ಲಕೋಟೆ ಅವರ ಕೋಟಿನ ಜೇಬಿನಲ್ಲಿ ಕಂಡುಬಂತು. ಮರುದಿನ ಗೋರ್ನ್ಯಾ ಲಿಪಾದಿಂದ ಅಷ್ಟೇ ಮೊತ್ತದ ಮನಿಯಾರ್ಡರು ಬಂದಿದ್ದು, ಕಳುಹಿಸಿದವರ ಹೆಸರಿರಬೇಕಾದ ಜಾಗದಲ್ಲಿ “ಒಬ್ಬ ಮನುಷ್ಯ” ಎಂದಿದೆ. ಅಷ್ಟೇ ಮೊತ್ತದ ಮೂರನೆಯ ಲಕೋಟೆ ಉಪನಿರ್ದೇಶಕರ ಕೊಠಡಿಯ ಬಾಗಿಲಿನ ಕೆಳಗಿನಿಂದ ತೂರಿಬಂದಿದೆ. ಅದು ಒಳಗಿನಿಂದ ಹೊರಕ್ಕೆ ತೂರಿದ್ದೆಂದು ಲ್ಯುಬಿಂಕಾ ಅವರು ಹೇಳುತ್ತಿದ್ದು, ಈ ಅಂಶವನ್ನು ಪರಿಗಣಿಸಿರುವುದಿಲ್ಲ.

ಇದು ನಿಯಮ 1ರ ಸ್ಪಷ್ಟ ಉಲ್ಲಂಘನೆಯಾಗಿದ್ದು, ವಿಚಾರಣೆ ನಡೆಸಲಾಗಿದೆ. ಬುದಿಮಿರ್ ಅವರು “ನಾನಾ? ನನ್ ಹತ್ರ ಎಲ್ಲಿದೆ ದುಡ್ಡು, ಜಿವೋಟಾನ್ನ ಕೇಳಿ” ಎಂದೂ, ಜಿವೋಟಾ ಅವರು “ಅವ್ನೇ ಇರ್ಬೇಕು, ಮುಖ ನೋಡಿದ್ರೆ ಗೊತ್ತಾಗಲ್ವಾ” ಎಂದೂ ಹೇಳಿಕೆ ನೀಡಿದ್ದಾರೆ. ಹೆಚ್ಚುವರಿಯಾದ ಮೂರು ಪಾಲುಗಳನ್ನು ಯಾರೂ ನೋಡದಿರುವಾಗ ಹಿಂಪಡೆಯಲು ಅನುಕೂಲವಾಗುವಂತೆ, ಬೀಗವಿಲ್ಲದ ಪೆಟ್ಟಿಗೆಯಲ್ಲಿ ಹಾಕಿ ಟೋಪಿ ಗೂಟದ ಕೆಳಗೆ ಒಂದು ದಿನ ಇಡಲಾಯಿತು. ಮರುದಿನ ಎಣಿಸಿದಾಗ ಐನೂರು ದಿನಾರ್ ಹೆಚ್ಚಾಗಿತ್ತು. ಮತ್ತಷ್ಟು ನಷ್ಟವಾಗುವುದನ್ನು ತಪ್ಪಿಸಲು ಪೆಟ್ಟಿಗೆಗೆ ಬೀಗ ಹಾಕಿ, ಸದರಿ ಹಣವನ್ನು ಮುಂದಿನ ವಸಂತದ ಬೆಟ್ಟದ ಪ್ರವಾಸಕ್ಕೆ ಕಾಯ್ದಿರಿಸಲಾಗಿದೆ. ತಕ್ಕಡಿಗಳನ್ನು ಯಾರೂ ಹೊತ್ತು ತರಬೇಕಾಗಿಲ್ಲ.

ಪ್ರವಾಸ ಮಂಜೂರಾದ ಸಂಗತಿಯನ್ನು ತಿಳಿಸಿದಾಗ ಶ್ರೀಮತಿ ಲಾಜಿಚ್ ಅವರು ತೂಕದ ಬಟ್ಟುಗಳ ಪೆಟ್ಟಿಗೆಯನ್ನು ಮತ್ತೆ ತೆರೆದರು. ಆನಂತರ ಹೇಳಿದ್ದು: “ಮೂವತ್ನಾಲ್ಕು ವರ್ಷ ಆ ಹನ್ನೊಂದೂರಲ್ಲಿ ಒಂದು ಕಾಫಿಗೂ ನನ್ ಕೈಲಿ ದುಡ್ಡು ಕೊಡ್ಸಿಲ್ಲ ಅವ್ರು. ‘ನೀನು ನೆಂಟಳು ಕಣಕ್ಕಾ, ಸುಮ್ನಿರು’ ಅಂತಾರೆ. ದಂಡ ಹಾಕಿದ್ ದಿನಾನೂ ಅಷ್ಟೇ. ಒಂದ್ಸಲ, ಒಂದೇ ಒಂದ್ಸಲ, ಹೋಟ್ಲಲ್ಲಿ ಇರೋರಿಗೆಲ್ಲ ನಾನು ಕೊಡ್ಸಿ ಬರ್ಬೇಕು. ನನ್ ದುಡ್ಡಲ್ಲಿ. ಅದಕ್ಕೇ ಹೋಗ್ಬೇಕಂದಿದ್ದು.”

ಆದೇಶ

ಮೇಲಿನ ಎಲ್ಲ ಅಂಶಗಳ ಹಿನ್ನೆಲೆಯಲ್ಲಿ, ನಿಯಮ 1ರಿಂದ 8ರವರೆಗಿನವು ಎಲ್ಲರಿಗೂ ಎಲ್ಲ ಕಾಲಕ್ಕೂ ಅನ್ವಯವಾಗತಕ್ಕದ್ದೆಂದೂ, ಅಕ್ಟೋಬರ್ 21ರಿಂದ 26ರವರೆಗೆ ಶ್ರೀಮತಿ ವಿದೊಸಾವಾ ಲಾಜಿಚ್ ಅವರೊಬ್ಬರಿಗೆ ಇವುಗಳಿಂದ ವಿನಾಯಿತಿ ನೀಡಲಾಗಿದೆಯೆಂದೂ ಈ ಮೂಲಕ ಸೂಚಿಸಲಾಗಿದೆ. ಸದರಿ ಆರು ದಿನಗಳಲ್ಲಿ ಹನ್ನೊಂದು ಹಳ್ಳಿಗಳ ಹೋಟೆಲುಗಳಲ್ಲಿ ಅವರ ಕೈ ಹಿಡಿಯುವುದು, ಅವರಿಗಿಂತ ಮೊದಲೇ ಕೊಟ್ಟಿರುವುದು, ಕೊಟ್ಟ ನೋಟನ್ನು ಮರಳಿ ಅವರ ಚೀಲಕ್ಕೆ ತುರುಕುವುದು, ಬಸ್ಸು ಹೊರಟ ಮೇಲೆ ಕಿಟಕಿಯಿಂದ ಒಳಗೆ ಎಸೆಯುವುದು, ಇವೆಲ್ಲವನ್ನೂ ಸರ್ಕಾರಿ ಕರ್ತವ್ಯಕ್ಕೆ ಅಡ್ಡಿಯೆಂದು ಭಾವಿಸಿ ಕ್ರಮ ಜರುಗಿಸಲಾಗುವುದು. ಅವರು ಕೊಡಿಸಿದ್ದನ್ನು ಎಲ್ಲರೂ ಕುಡಿಯತಕ್ಕದ್ದು.

ಸಹಿ/-
ರಾದಿಸಾವ್ ಪ್ರೋಕಿಚ್
ಉಪನಿರ್ದೇಶಕರು (ಪ್ರಭಾರ)

ಪ್ರತಿಗಳು:
1. ಹಣಕಾಸು ವಿಭಾಗಕ್ಕೆ, ಮಾಹಿತಿಗಾಗಿ. ಲಕೋಟೆಗಳ ಬಗ್ಗೆ ಪ್ರಶ್ನೆ ಕೇಳದಿರುವಂತೆ ಕೋರಿದೆ.
2. ಬುದಿಮಿರ್ ಯೆಲಿಚ್ ಮತ್ತು ಜಿವೋಟಾ ಸವಿಚ್ ಅವರಿಗೆ, ಇಬ್ಬರಿಗೂ ಸೇರಿ ಒಂದೇ ಪ್ರತಿ. “ನೀನೇ ಇಟ್ಕೋ” ಎಂದು ವಾದಿಸತಕ್ಕದ್ದಲ್ಲ.
3. ಬುದಿಮಿರ್ ಅವರ ಸೋದರತ್ತೆಗೆ, ಕಾಫಿಪುಡಿ ತಲುಪಿದ ಬಗ್ಗೆ ತಿಳಿಸಲು.
4. ಬೆಟ್ಟದ ಬಸ್ಸಿನ ಚಾಲಕರಿಗೆ, ಹೊರಡುವ ಮುನ್ನ ಕಿಟಕಿಗಳನ್ನು ಮುಚ್ಚಿಸುವ ಸಲುವಾಗಿ.
5. ಹನ್ನೊಂದು ಹಳ್ಳಿಗಳ ಹೋಟೆಲು ಮಾಲೀಕರಿಗೆ, ಅಗತ್ಯ ಕ್ರಮಕ್ಕಾಗಿ. ಅಗತ್ಯ ಕ್ರಮವೆಂದರೆ ಕೈ ಚಾಚಿ ಹಣ ತೆಗೆದುಕೊಳ್ಳುವುದು.
6. ಶ್ರೀಮತಿ ವಿದೊಸಾವಾ ಲಾಜಿಚ್ ಅವರಿಗೆ, “ಚಿಲ್ರೆ ಇಲ್ಲ, ಬಿಡಕ್ಕಾ” ಎಂದು ಯಾರೂ ಹೇಳಲಾಗದಂತೆ, ಅವರದೇ ನೋಟುಗಳನ್ನು ಮುರಿಸಿ ತಂದ ನಾಣ್ಯಗಳ ಚೀಲದೊಂದಿಗೆ. ತೂಕ ಎರಡು ಕಿಲೋ ನಾನೂರು ಗ್ರಾಂ. ಪರೀಕ್ಷಿಸಲಾಗಿದೆ, ಸರಿಯಿದೆ.