ಡ್ರೈವರಣ್ಣನ ಒಂದು ಸಾಲು

ಔಷಧಿ ಇಡುವ ತಣ್ಣನೆಯ ಕೋಣೆಯ ಬಾಗಿಲು ಬೆಳಗ್ಗೆಯಿಂದ ಹಾರುಹೊಡೆದಿತ್ತು. ಹೊರಗೆ ತಾಪಮಾನ ತೋರಿಸುವ ಯಂತ್ರದ ಪರದೆ ಮಾತ್ರ ನಾಲ್ಕು ಡಿಗ್ರಿ ಎಂದೇ ತೋರಿಸುತ್ತಿತ್ತು.

“ಡ್ರೈವರಣ್ಣ, ಒಳಗೆ ನಿಂತ್ರೆ ಬೆವರು ಬರ್ತಿದೆ. ಇದೆಂಥ ನಾಲ್ಕು?” ಎಂದಳು ಯಂತ್ರಗಳನ್ನು ಪರೀಕ್ಷಿಸುವಾಕೆ.

ಡ್ರೈವರಣ್ಣ ಗಾಡಿ ಓಡಿಸುವವನಲ್ಲ. ಸೆನ್ಸರು, ಪರದೆಗಳು ಕಂಪ್ಯೂಟರಿನ ಮಾತು ಕೇಳುವಂತೆ ‘ಡ್ರೈವರ್’ ಎಂಬ ಪ್ರೋಗ್ರಾಮ್ ಬರೆಯುವವನು. ಇದನ್ನು ಅಕ್ಕಪಕ್ಕದವರಿಗೆ ವಿವರಿಸಿ ಸೋತ ಅವನ ಅಮ್ಮ, “ಬಸ್ಸೇ ಓಡಿಸ್ತಾನೆ ಬಿಡಿ” ಎಂದು ಮಾತು ಮುಗಿಸಿದ್ದಳು.

ಹನ್ನೊಂದಕ್ಕೆ ಈ ಯಂತ್ರ ಕೊಳ್ಳುವ ಕಂಪನಿಯ ಅಧಿಕಾರಿ ಪರೀಕ್ಷೆಗೆ ಬರುವವರಿದ್ದರು. ಅವರು ಒಪ್ಪದಿದ್ದರೆ ಬೇರೆ ಕೆಲಸ ಹುಡುಕಿಕೋ ಎಂದು ಮ್ಯಾನೇಜರ್ ಮೊನ್ನೆಯೇ ಹೇಳಿದ್ದರು.

ಡ್ರೈವರಣ್ಣ ತಾನು ಬರೆದದ್ದನ್ನು ಕೆದಕಿದ. ತಪ್ಪು ಒಂದೇ ಸಾಲಿನಲ್ಲಿತ್ತು. ಸೆನ್ಸರಿನ ಅಂಕಿ ಬರುವ ಜಾಗವನ್ನು ಸಾಧಾರಣ ಮೆಮೊರಿಯಂತೆ ಗುರುತಿಸಿ, ಕ್ಯಾಶ್ ಮಾಡಲು ಬಿಟ್ಟಿದ್ದ. ಪ್ರೊಸೆಸರ್ ಒಮ್ಮೆ ಓದಿ, ‘ಕ್ಯಾಶ್’ ಎಂಬ ನಕಲನ್ನು ಹತ್ತಿರ ಇಟ್ಟುಕೊಂಡು, ಮತ್ತೆ ಆ ಕಡೆ ತಲೆ ಹಾಕಿಯೇ ಇರಲಿಲ್ಲ. ಮುಂಜಾನೆ ಕಿಟಕಿಯಾಚೆ ಇಣುಕಿ, ಆಮೇಲೆ ಮಳೆ ಸುರಿದರೂ ‘ಬಿಸಿಲಿದೆ’ ಎನ್ನುವ ಸೋಮಾರಿಯ ಹಾಗೆ.

ಸಾಲು ತಿದ್ದಿದ. ಪರದೆ ಇಪ್ಪತ್ತೊಂಬತ್ತಕ್ಕೆ ಜಿಗಿಯಿತು. ಅದೇ ಗಳಿಗೆಗೆ ಮ್ಯಾನೇಜರ್ ಅಧಿಕಾರಿಯನ್ನು ಕರೆದುಕೊಂಡು ಒಳಬಂದರು.

“ಏನಯ್ಯಾ ಇದು? ಈಗ ತಾನೆ ನಾಲ್ಕಿತ್ತು.”

“ಕ್ಯಾಶ್ ತೆಗೆದುಬಿಟ್ಟೆ, ಸರ್.”

ಮೂಲೆಯಲ್ಲಿದ್ದ ಕ್ಯಾಷಿಯರ್ ಗಾಬರಿಯಿಂದ ಬೀರುವಿನ ಬೀಗ ಮುಟ್ಟಿ ನೋಡಿದ. ಕಚೇರಿಯ ಜವಾನ ಪರದೆಗೆ ಎರಡೇಟು ಕೊಟ್ಟ.

ಮ್ಯಾನೇಜರ್ ಡ್ರೈವರಣ್ಣನ ಕಿವಿಯಲ್ಲಿ, “ಹಳೇದನ್ನೇ ಹಾಕು” ಎಂದರು.

“ಹಳೇದು ಸುಳ್ಳು ಹೇಳ್ತಿತ್ತು, ಸರ್.”

“ಚೆನ್ನಾಗಿ ಹೇಳ್ತಿತ್ತಲ್ಲ.”

ಡ್ರೈವರಣ್ಣ ಅಧಿಕಾರಿಯತ್ತ ತಿರುಗಿ ತನ್ನ ತಪ್ಪನ್ನು ಇದ್ದದ್ದು ಇದ್ದಂತೆ ಹೇಳಿಬಿಟ್ಟ. ಅವರು ಜೇಬಿನ ಥರ್ಮಾಮೀಟರ್ ಹಿಡಿದು ಕೋಣೆಯೊಳಗೆ ಹೋದರು. ಹೊರಬಂದು, “ಇಪ್ಪತ್ತೊಂಬತ್ತೇ. ನಿಜ ಹೇಳೋ ಯಂತ್ರ, ನಿಜ ಹೇಳೋ ಮನುಷ್ಯ, ಎರಡೂ ಸಿಕ್ಕಿತು” ಎಂದು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದರು.

ಎಷ್ಟೋ ದಿನಗಳ ಮೇಲೆ ಡ್ರೈವರಣ್ಣ ಎದೆ ತುಂಬ ಉಸಿರೆಳೆದುಕೊಂಡ.

ಅಧಿಕಾರಿ ಪೆನ್ನು ಮುಚ್ಚುತ್ತ, “ನಿಮ್ಮ ಹಿಂದಿನ ಯಂತ್ರಗಳನ್ನ ನೋಡೇ ನಾನು ಬಂದದ್ದು” ಎಂದರು. “ನಮ್ಮ ಹದಿನೆಂಟು ಔಷಧಿ ಗೋದಾಮಲ್ಲಿ ಮೂರು ವರ್ಷದಿಂದ ನಡೀತಿವೆ. ಪರದೇಲಿ ಯಾವಾಗ ನೋಡಿದ್ರೂ ನಾಲ್ಕೇ, ಒಂದು ದಿನಾನೂ ಅರ್ಧ ಡಿಗ್ರಿ ಆಚೀಚೆ ಆಗಿಲ್ಲ. ಅವಕ್ಕೆ ಪ್ರೋಗ್ರಾಮ್ ಬರೆದೋರು ಯಾರು?”

ಮ್ಯಾನೇಜರ್ ಹೆಮ್ಮೆಯಿಂದ ಡ್ರೈವರಣ್ಣನ ಬೆನ್ನು ತಟ್ಟಿದರು.

“ಅವೂ ಇವನವೇ, ಸರ್.”