ಅತ್ತೆಯವರ ಪಾದ, ನನ್ನ ಟೊಂಕ

ಮನುಷ್ಯನಿಗೆ ಟೊಂಕ ಎನ್ನುವುದೊಂದು ಇದೆಯೆಂದು ತಿಳಿಯುವುದು ಅದು ಹಿಡಿದುಕೊಂಡ ದಿನ. ಅಲ್ಲಿಯವರೆಗೆ ಅದು ಧೋತರ ನಿಲ್ಲಲೆಂದು ದೇವರು ಮಾಡಿಕೊಟ್ಟ ಜಾಗ ಎಂದೇ ನಾನು ತಿಳಿದುಕೊಂಡಿದ್ದೆ. ತಲೆನೋವು ಬಂದವನನ್ನು ಜನ ಮರುಕದಿಂದ ಕಾಣುತ್ತಾರೆ, ಹಲ್ಲುನೋವಿನವನಿಗೆ ಲವಂಗ ಕೊಡುತ್ತಾರೆ. ಟೊಂಕ ಹಿಡಿದವನನ್ನು ಕಂಡರೆ ಮಾತ್ರ ಮೊದಲು ನಗುತ್ತಾರೆ, ಆಮೇಲೆ ಔಷಧ ಹೇಳುತ್ತಾರೆ. ಅವನು ನಡೆಯುವ ರೀತಿಯೇ ಹಾಗಿರುತ್ತದೆ, ಅವರದೇನೂ ತಪ್ಪಿಲ್ಲ.

ನಾನು ಆಗ ಹುಕ್ಕೇರಿಯಲ್ಲಿ ಶಾಲಾ ಮಾಸ್ತರ. ಹೆಂಡತಿ ಕಾಶವ್ವನ ತವರು ಗೋಕಾಕ ತಾಲೂಕಿನ ಮೇಲವಂಕಿ. ಅಲ್ಲಿಂದ ಸುಗ್ಗಿ ಮುಗಿದ ಮೇಲೆ ಬಿಳಿಜೋಳದ ಚೀಲ ಗಾಡಿಯಲ್ಲಿ ಬಂದಿತು. ಗಾಡಿಯವನು ಒಳ್ಳೆಯ ಮಾತಿನಲ್ಲೇ ಹೇಳಿದ, "ಬಿಡ್ರಿ ಮಾಸ್ತರ, ನಾ ಇಳಸ್ತೇನಿ." ಆದರೆ ಕಾಶವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹೆಂಡತಿ ನೋಡುತ್ತಿರುವಾಗ ಚೀಲವನ್ನು ಇನ್ನೊಬ್ಬನಿಗೆ ಬಿಟ್ಟುಕೊಡುವುದು ಹೇಗೆ? ಎರಡೂ ಕೈಯಲ್ಲಿ ತಬ್ಬಿ, ಉಸಿರು ಬಿಗಿಹಿಡಿದು ಎತ್ತಿದೆ. ಚೀಲ ಮೇಲೆ ಬರಲಿಲ್ಲ. ನಾನೂ ಮೇಲೆ ಬರಲಿಲ್ಲ. ಗಾಡಿಯವನು ಮೊದಲು ಚೀಲವನ್ನೂ ಆಮೇಲೆ ನನ್ನನ್ನೂ ಒಳಗೆ ಇಳಿಸಿ ಹೋದ.

ನಮ್ಮ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ಇಡೀ ಜಿಲ್ಲೆಯೇ ಸರಿದು ಹೋಗಿತ್ತು, ನನಗೆ ಮಾತ್ರ ಹಾಸಿಗೆಯ ಈ ಬದಿಯಿಂದ ಆ ಬದಿಗೆ ಸರಿಯಲಾಗುತ್ತಿರಲಿಲ್ಲ. ಶಾಲೆಯಲ್ಲಿ ಹುಡುಗರಿಗೆ ಅದೊಂದು ಹಬ್ಬ. ಬಾಗಿ ಕಾಲಿನ ಹೆಬ್ಬೆರಳು ಹಿಡಿದು ನಿಲ್ಲುವ ಶಿಕ್ಷೆ ಕೊಟ್ಟರೆ, "ಹೆಂಗ ಹಿಡಿಯೂದ್ರಿ ಸರ, ಒಮ್ಮೆ ತೋರಸ್ರಿ" ಎನ್ನುತ್ತಿದ್ದರು. ಅದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಮಗಳದು. ಆಗತಾನೆ ನಡೆಯಲು ಕಲಿತಿದ್ದ ಅವಳು ನಾನು ಮನೆಗೆ ಬಂದೊಡನೆ ತಪ್ಪುಹೆಜ್ಜೆ ಹಾಕುತ್ತ ಬಂದು, ನನ್ನ ಮೊಣಕಾಲು ತಬ್ಬಿ, ಎರಡೂ ಕೈ ಮೇಲೆತ್ತಿ ಕಾಯುತ್ತಿದ್ದಳು. ನಾನು ಕಂಬದ ಹಾಗೆ ನಿಂತಿರುತ್ತಿದ್ದೆ. ಕಾದು ಕಾದು ತುಟಿ ಉಬ್ಬಿಸಿ ಅವಳು ನೆರೆಮನೆಗೆ ಹೊರಟುಹೋಗುತ್ತಿದ್ದಳು. ಆಗ ನನಗೆ ಅಳುವೇ ಬರುತ್ತಿತ್ತು.

ಔಷಧಗಳಿಗೇನೂ ಕೊರತೆಯಿರಲಿಲ್ಲ. ಡಾಕ್ಟರು ಒಂದು ಅಂಟುಪಟ್ಟಿ ಹಚ್ಚಿದರು. ಅದನ್ನು ಕೀಳುವಾಗ ಬೆನ್ನಿನ ಕೂದಲೆಲ್ಲ ಬಂದವು, ನೋವು ಬರಲಿಲ್ಲ. ಮೂಡಲಗಿಯಲ್ಲೊಬ್ಬ ಮುದಿ ಪೈಲ್ವಾನ ಮೈ ತಿಕ್ಕಿ ಚಳಕು, ಅಂದರೆ ಹಿಡಿದುಕೊಂಡ ನೋವು, ತೆಗೆಯುತ್ತಾನೆಂದು ಅಲ್ಲಿಗೂ ಹೋದೆ. ಅವನು ತನ್ನ ಹಳೆಯ ಕುಸ್ತಿಗಳ ಕಥೆ ಹೇಳುತ್ತ ಹೇಳುತ್ತ ನನ್ನನ್ನು ಎದುರಾಳಿಯೆಂದೇ ಭಾವಿಸಿಬಿಟ್ಟ. ಆ ಕುಸ್ತಿಯನ್ನು ಅವನೇ ಗೆದ್ದ.

ಇಷ್ಟೆಲ್ಲ ಅಲೆದದ್ದು ಏಕೆಂದರೆ, ಇಡೀ ಸೀಮೆಗೆ ಹೆಸರಾದ ಚಳಕಿನ ವೈದ್ಯರು ನನ್ನ ಅತ್ತೆಯವರೇ! ಅವರು ಹುಟ್ಟುವಾಗ ಕಾಲು ಮುಂದಾಗಿ ಹುಟ್ಟಿದವರು. ಅಂಥವರ ಕಾಲು ತಾಗಿದರೆ ಹಿಡಿದ ಟೊಂಕ ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಅಮಾವಾಸ್ಯೆ ಬಂತೆಂದರೆ ಮಸಗುಪ್ಪಿ, ಯಮಕನಮರಡಿಯಿಂದ ಗಾಡಿ ಕಟ್ಟಿಕೊಂಡು ಜನ ಬರುತ್ತಿದ್ದರು. ಗೌಡನಿರಲಿ, ಫೌಜದಾರನಿರಲಿ, ಬೋರಲು ಮಲಗಿಸಿ ಒದೆಯುವವರೇ. ಆದರೆ ನಾನು ಅಳಿಯ. ಮದುವೆಯಲ್ಲಿ ನನ್ನ ಕಾಲು ತೊಳೆದವರು ಅವರು. ನನ್ನೆದುರು ಸೆರಗು ಸರಿಸಿದವರಲ್ಲ, ಒಂದು ಮಾತನ್ನೂ ನೇರವಾಗಿ ಆಡಿದವರಲ್ಲ. ಬಾಗಿಲ ಹಿಂದೆ ನಿಂತು ಮಗಳ ಮೂಲಕವೇ ಎಲ್ಲ. ಕಾಶವ್ವ ನನ್ನ ನೋವಿನ ಸುದ್ದಿ ಎತ್ತಿದಾಗ ಅವರು ಎರಡೂ ಕೆನ್ನೆ ಬಡಿದುಕೊಂಡರಂತೆ. "ಅಳಿಯಂದ್ರಂದ್ರ ದೇವರಲ್ಲೇನ? ದೇವರ ಟೊಂಕಾ ಯಾರರ ಒದೀತಾರೇನ?"

ದೇವರಾಗಿ ನಾನು ಪಟ್ಟ ಕಷ್ಟ ನನಗೇ ಗೊತ್ತು. ಕೊನೆಗೆ ಕಾಶವ್ವನೇ ಹಾದಿ ಹುಡುಕಿದಳು. "ನೋಡಿ ಒದ್ರ ಪಾಪ. ನೋಡದ ಒದ್ರ ಪಾಪ ಎಲ್ಲಿಂದ ಬರತೈತ್ರಿ? ಅಮಾಸಿ ದಿನ ಮಂದಿ ಸಾಲಿನ್ಯಾಗ ಕಂಬಳಿ ಹೊಚ್ಚಕೊಂಡ ಮಲಗ್ರಿ. ಬಾಯಿ ಮಾತ್ರ ಬಿಡಬ್ಯಾಡ್ರಿ, ಬರೇ ಹೂಂ, ಊಹೂಂ ಅನ್ರಿ."

ಹಾಗೇ ಆಯಿತು. ಅಮಾವಾಸ್ಯೆಯ ಬೆಳಿಗ್ಗೆ ಮೇಲವಂಕಿಯ ಅಂಗಳದಲ್ಲಿ, ನರಳುವ ಜನರ ನಡುವೆ, ಮಾವನವರ ಕರಿ ಕಂಬಳಿ ತಲೆ ತುಂಬ ಹೊದ್ದು ಬೋರಲು ಬಿದ್ದೆ. ಅತ್ತೆಯವರ ದನಿಯನ್ನು ನಾನು ಸರಿಯಾಗಿ ಕೇಳಿದ್ದು ಅಂದೇ. ಬಾಗಿಲ ಹಿಂದಿನ ಪಿಸುಮಾತಿನ ಹೆಂಗಸಲ್ಲ ಇದು. "ಏಯ್, ಮೈ ಸಡಲ ಬಿಡೋ! ಏನ ಹಲಗಿ ಆಗಿ ಮಲಗೀಯಲ್ಲ!" ಎಂಬ ಗುಡುಗು ಸಾಲಿನ ಆ ತುದಿಯಿಂದ ಹತ್ತಿರ ಹತ್ತಿರ ಬಂದು ನನ್ನ ಬಳಿ ನಿಂತಿತು.

ಅವರ ಹೆಬ್ಬೆರಳು ನನ್ನ ಬೆನ್ನೆಲುಬಿನ ಪಕ್ಕದಲ್ಲಿ ಮೆಲ್ಲಗೆ ಇಳಿದು ಬಂದು, ನೋವಿದ್ದ ಗಂಟಿನ ಮೇಲೆ ಸರಿಯಾಗಿ ತಡೆಯಿತು. ಅಲ್ಲಿ ಹಿಮ್ಮಡಿ ಊರಿದರು.

"ಉಸರ ಬಿಡು ತಮ್ಮಾ. ಹೇಣತಿ ಅದಾಳೇನ?"

"ಹೂಂ."

"ಪಂಚಮಿಗೆ ತವರಿಗೆ ಕಳಸ್ತೀಯೇನ?"

ಮದುವೆಯಾದಾಗಿನಿಂದ ಕಾಶವ್ವ ನಾಗರ ಪಂಚಮಿಗೆ ತವರು ಕಂಡಿರಲಿಲ್ಲ. ಒಮ್ಮೆ ಮಳೆ ಎಂದೆ, ಒಮ್ಮೆ ಸಾಹೇಬರು ಶಾಲಾ ತಪಾಸಣೆಗೆ ಬರುತ್ತಾರೆ ಎಂದೆ. ಖರೆ ಕಾರಣವೆಂದರೆ ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಹಿಮ್ಮಡಿ ಇನ್ನಷ್ಟು ಒತ್ತಿತು.

"ಹೂಂ! ಹೂಂ!"

"ಹೋದ ಮರುದಿನಾನ ತಿರುಗಿ ಬಾ ಅಂತ ಹಿಂದಿಂದ ಮನಶ್ಯಾನ್ನ ಅಟ್ಟತೀಯೇನ?"

"ಊಹೂಂ!"

"ಜೋಕಾಲಿ ಆಡಿ, ಉಂಡಿ ತಿಂದ, ಮನಸಿಗೆ ಬಂದಾಗ ಬರಲಿ ಆಕಿ. ಅಲ್ಲೀತನಾ ನೀರು ನೀನ ತರ್ತಿ. ಹೌದಲ್ಲೋ?"

"ಹೂಂ" ಎನ್ನುವಷ್ಟರಲ್ಲಿ ಎಡಗಾಲಿನ ಒಂದು ಒದೆ ಬಿತ್ತು. ಒಳಗೆಲ್ಲೋ 'ಕಟಕ್' ಎಂದಿತು. ಹಾಳಾದ ನೋವು, ಅಷ್ಟು ದಿನ ಬಾಡಿಗೆ ಕೊಡದೆ ಕೂತಿದ್ದು, ಎದ್ದು ಹೋಯಿತು!

ಅವರು ಮುಂದಿನವನ ಕಡೆ ಹೋದ ಮೇಲೆ ಕಂಬಳಿ ಸರಿಸಿ ಎದ್ದೆ, ನೆಟ್ಟಗೆ ನಿಂತೆ. ಕಟ್ಟೆಯ ಬಳಿಯಿಂದ ಮಗಳು ಓಡಿಬಂದು ಕೈ ಮೇಲೆತ್ತಿದಳು. ಬಾಗಿದೆ, ಎತ್ತಿದೆ, ತಲೆಯ ಮೇಲಕ್ಕೂ ಹಾರಿಸಿದೆ. ಅವಳು ಕಿಲಕಿಲ ನಕ್ಕಳು. ನನ್ನ ಜೀವಕ್ಕೆ ಅಷ್ಟು ಹಿಗ್ಗು ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ. ತಿರುಗಿ ನೋಡಿದರೆ ಕಾಶವ್ವ ಬಾಯಲ್ಲಿ ಸೆರಗು ತುರುಕಿಕೊಂಡು ಗೋಡೆಗೆ ಒರಗಿ ನಗುತ್ತಿದ್ದಳು. ಆಗ ನನಗೆ ಸಂಶಯ ಬಂತು. ಬಂದು ಏನು ಪ್ರಯೋಜನ? ಕೊಟ್ಟ 'ಹೂಂ' ಕೊಟ್ಟಾಗಿತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ಬಾಗಿಲ ಹಿಂದಿನಿಂದ ಅದೇ ಹಳೆಯ ಪಿಸುದನಿ. "ಕಾಶವ್ವಾ, ಅಳಿಯಂದ್ರಿಗೆ ಕೇಳ, ಟೊಂಕಾ ಹೆಂಗೈತಿ ಅಂತ."

"ಆರಾಮ ಐತಿ ಅಂತ ಹೇಳು" ಎಂದೆ.

"ಮುಂಜಾನೆ ಯಾರೋ ಒಬ್ಬಾಂವ ಬಂದಿದ್ದ. ಎಲ್ಲಾದಕ್ಕೂ ಹೂಂ ಅಂದಾನ. ಅಂಥವ್ರು ಮಾತ ಉಳಸ್ಕೋತಾರೇನ ಅಂತ ಕೇಳ. ಸಾಲಿ ಕಲಿಸೂ ಮಂದಿಗೆ ಗೊತ್ತಿರತೈತಿ."

"ಉಳಸ್ಕೋತಾನ ಅಂತ ಹೇಳು. ಅಂವಾ ಒಳ್ಳೆ ಮನಶ್ಯಾ." ನನ್ನ ಬಗ್ಗೆ ನಾನೇ ಅಷ್ಟಾದರೂ ಹೇಳಿಕೊಳ್ಳಬೇಕಾಯಿತು.

ಆ ವರ್ಷ ಪಂಚಮಿಗೆ ಕಾಶವ್ವನನ್ನೂ ಮಗಳನ್ನೂ ನಾನೇ ಮೋಟಾರು ಹತ್ತಿಸಿ ಬಂದೆ. ಅವರು ಮನಸ್ಸಿಗೆ ಬಂದಾಗ ಬಂದರು. ಬೇಗನೇನೂ ಬರಲಿಲ್ಲ. ಅಲ್ಲಿಯವರೆಗೆ ಭಾರತದ ನಕಾಶೆಯಂಥ ರೊಟ್ಟಿ ತಿಂದು, ಹೆಗಲ ಮೇಲೆ ಕೊಡ ಹೊತ್ತು ಬಾವಿಯಿಂದ ಸರಸರ ನಡೆದು ಬರುತ್ತಿದ್ದೆ. ನೋಡಿದವರು ಬೆರಗಾಗಿ, "ಮಾಸ್ತರ, ಟೊಂಕಾ ಹೆಂಗ ನೆಟ್ಟಗಾತ್ರಿ?" ಎಂದು ಕೇಳುತ್ತಿದ್ದರು. "ವ್ಯಾಯಾಮ" ಎನ್ನುತ್ತಿದ್ದೆ. ಈಗಲೂ ಹಾಗೇ ಹೇಳುತ್ತೇನೆ. ವ್ಯಾಯಾಮ ಮಾಡಿದವರು ಯಾರೆಂದು ಈವರೆಗೆ ಯಾರೂ ಕೇಳಿಲ್ಲ.