ಮಡಕೆ ಬಾಯಿಗೆ ಸ್ಪೀಕರು

ಉಗ್ರಪ್ಪನ ಹಳೇ ಪಿಕಪ್ಪಿನಲ್ಲಿ ಹಾಡು ಮುಂದೆ ಕೂತವರಿಗೆ ಮಾತ್ರ ಕೇಳಿಸುತ್ತಿತ್ತು. ಎಡವಟ್ಟು ಶುರುವಾದದ್ದೇ ಅಲ್ಲಿಂದ. ವಿಜಯನಗರದ ಮದುವೆ ಛತ್ರದ ಜಂಬಣ್ಣ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: "ಹಿಂದೆ ಕೂತ ಬೀಗರಿಗೂ ಹಾಡು ಕೇಳಿಸ್ಬೇಕು ಕಣಯ್ಯಾ. ನಾಳೆ ಗಾಡಿ ತಂದು ತೋರ್ಸು. ಒಪ್ಪಿಗೆಯಾದ್ರೆ ಈ ವರ್ಷದ ಮದುವೆ ಬಾಡಿಗೆಯೆಲ್ಲ ನಿಂದೇ."

ಮರುದಿನ ಬೆಳಿಗ್ಗೆ ನಾಯಂಡಹಳ್ಳಿಯ ಮನೆ ಮುಂದೆ ಉಗ್ರಪ್ಪ ಎರಡು ಹೊಸ ಸ್ಪೀಕರು ಹಿಡಿದು ಗಾಡಿಯ ಹಿಂದಕ್ಕೆ ಹತ್ತಿದ್ದೇ ತಡ, ಪಕ್ಕದ ಮನೆಯ ನಾರಾಯಣಪ್ಪ ಹಲ್ಲುಜ್ಜುತ್ತಲೇ ಬಂದರು.

"ಬರೀ ಸ್ಪೀಕರ್ ಇಟ್ರೆ ಸೊಳ್ಳೆ ಕೂಗ್ದಂಗಿರುತ್ತೆ. ಮಡಕೆ ಬಾಯಿಗೆ ಕೂರ್ಸಿ ನೋಡು, ಗುಡುಗು!"

ಅದೇನೋ ನಿಜವೇ. ಟೇಪಿನ ಆ ಕಾಲದಲ್ಲಿ ಕಾಫಿ ಹೋಟೆಲುಗಳಲ್ಲೂ ಹಾಗೇ ಕೂರಿಸುತ್ತಿದ್ದರು. ಪಾಪ, ನಾರಾಯಣಪ್ಪನೇ ಎರಡು ಮಡಕೆ ತಂದುಕೊಟ್ಟರು. ಎದುರುಮನೆ ಕಮಲಾಕ್ಷಮ್ಮ, "ಹೊಸ ಸಾಮಾನು, ಬರಿದಾಗಿ ಹೋಗ್ಬಾರ್ದಪ್ಪ" ಎನ್ನುತ್ತ ತಮ್ಮ ಗಿಡದ ಚೆಂಡುಹೂವನ್ನೆಲ್ಲ ಕಿತ್ತು ಮಡಕೆಗಳಿಗೆ ಹಾರ ಹಾಕಿದರು. ಹೆಂಡತಿ ಅಂಜನಮ್ಮ ಒಂದು ಕಟ್ಟು ಊದುಬತ್ತಿ ಹಚ್ಚಿ ಸಿಕ್ಕಿಸಿದಳು.

ಮೈಸೂರು ರಸ್ತೆಗೆ ಬರುವಷ್ಟರಲ್ಲಿ, ಅಷ್ಟು ಸ್ಪೀಕರುಗಳನ್ನು ಸಾಕಲಾರದೆ ಹಳೇ ಬ್ಯಾಟರಿ ಸೊರಗಿತು. ಟೇಪು ನಿಧಾನವಾಗಿ, ಮಂಗಳವಾದ್ಯವೆಲ್ಲ ಹಲ್ಲುನೋವಿನ ಎಮ್ಮೆಯಂತೆ ನರಳತೊಡಗಿತು. ಮುಂದಿನ ಸ್ಪೀಕರಿನ ಸದ್ದೇ ಅಡಗಿದ್ದರಿಂದ, ಎಂಜಿನ್ನಿನ ಗಡಗಡದಲ್ಲಿ ಉಗ್ರಪ್ಪನಿಗೆ ಅದು ತಿಳಿಯಲಿಲ್ಲ. ಊರೆಲ್ಲ ಕೇಳಲಿ ಎಂದು ಗಾಡಿಯನ್ನು ನಡಿಗೆಯ ವೇಗಕ್ಕೆ ಇಳಿಸಿದ.

ದೀಪಾಂಜಲಿ ನಗರದಲ್ಲಿ ಸೈಕಲ್ಲಿನವರು ಇಳಿದು ನಿಂತರು. ಬೀಡಿ ಸೇದುತ್ತಿದ್ದವರು ಬೀಡಿ ಎಸೆದು ಎದ್ದರು. ಪೊಲೀಸಿನವನು ಬಸ್ಸನ್ನೇ ತಡೆದು ದಾರಿ ಬಿಡಿಸಿದ. 'ಸಂಗೀತ ಅಂದ್ರೆ ಜನಕ್ಕೆ ಎಷ್ಟು ಭಕ್ತಿ!' ಎಂದು ಉಗ್ರಪ್ಪ ಉಬ್ಬಿಹೋದ.

ಒಬ್ಬ ಅಜ್ಜಿ ಓಡಿಬಂದು ಒಂದು ಲೋಟ ಮಜ್ಜಿಗೆ ಕೊಟ್ಟಳು. "ಕುಡ್ಕೊಳ್ಳಪ್ಪ. ಧೈರ್ಯ ತಂದ್ಕೋ."

"ಇವತ್ತೊಂದು ಮುಗಿದ್ರೆ ಸಾಕಜ್ಜಿ, ಆಮೇಲೆ ವರ್ಷವೆಲ್ಲ ಹಬ್ಬ!" ಎಂದು ಉಗ್ರಪ್ಪ ಹಲ್ಲು ಕಿರಿದ.

"ಪಾಪ, ದುಃಖಕ್ಕೆ ಬುದ್ಧಿ ಕೆಟ್ಟಿದೆ" ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಛತ್ರದ ಮುಂದೆ ಗಾಡಿ ನಿಂತದ್ದೇ ಜಂಬಣ್ಣ ಮೈಗೆ ಬೆಂಕಿ ಬಿದ್ದವರಂತೆ ಓಡಿಬಂದರು.

"ಅಯ್ಯೋ ಪಾಪಿ! ಮುಹೂರ್ತದ ಹೊತ್ತಲ್ಲಿ ಹೆಣ ತಂದ್ಯಾ?"

"ಹೆಣ ಎಲ್ಲಿದೆ ಸಾರ್? ಅದು ಸ್ಪೀಕರು!"

"ಮಡಕೆ, ಹೊಗೆ, ಹಾರ... ಮತ್ತೆ ಇವರ್ಯಾರು?"

ಉಗ್ರಪ್ಪ ತಿರುಗಿ ನೋಡಿದ. ಗಾಡಿಯ ಹಿಂದೆ ಒಂದು ದೊಡ್ಡ ಗುಂಪು ತಲೆ ತಗ್ಗಿಸಿ ನಿಂತಿತ್ತು. ಯಾರದೋ ಕೊನೆಯ ಯಾತ್ರೆಯೆಂದು ಜತೆಗೆ ಹೆಜ್ಜೆ ಹಾಕುತ್ತ ಬಂದವರು.

"ಈ ಗಾಡೀಲಿ ಮದುಮಗನ್ನ ಕೂರಿಸ್ಲಾ? ನಡಿಯೋ ಆಚೆಗೆ!"

ಉಗ್ರಪ್ಪ ಗಾಡಿ ತಿರುಗಿಸಲು ಹೊರಟ. ಗುಂಪಿನಿಂದ ಹಿರಿಯರೊಬ್ಬರು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

"ಬೇಜಾರು ಮಾಡ್ಕೋಬೇಡಿ. ನಾನು ದೊಡ್ಡಣ್ಣ, ನಮ್ಮ ಬಡಾವಣೆ ಶವಸಂಸ್ಕಾರ ಸಂಘದೋನು. ಹೆಣವೇ ಇಲ್ದೆ ಇಷ್ಟು ಜನ ಸೇರ್ಸಿದ್ರಲ್ಲ! ಇನ್ಮೇಲೆ ನಮ್ಮ ಬಾಡಿಗೆಯೆಲ್ಲ ನಿಮಗೇ."

ಉಗ್ರಪ್ಪನ ಮುಖಕ್ಕೆ ಜೀವ ಬಂತು. ಮದುವೆಯಲ್ಲದಿದ್ದರೇನು, ಸ್ಪೀಕರುಗಳಂತೂ ದಂಡವಾಗಲಿಲ್ಲ.

"ಒಂದೇ ಮಾತು," ದೊಡ್ಡಣ್ಣ ದನಿ ತಗ್ಗಿಸಿದರು. "ಮಡಕೆ ಹಂಗೇ ಇರ್ಲಿ. ಸ್ಪೀಕರ್ ಮಾತ್ರ ಕಿತ್ತು ಹಾಕ್ಬಿಡಿ."